ಒಂದೇ ಚಾಪೆಯ ಇಬ್ಬರು ಲಿಫ್ಟರುಗಳು

ನಮ್ಮೂರಿನಲ್ಲಿ ಒಂದೇ ಜಾಗಕ್ಕೆ ಇಬ್ಬರು ಆಸೆಪಟ್ಟರೆ, ಆ ಇಬ್ಬರೂ ಬಂದು ನನ್ನ ಮನೆಯಲ್ಲಿರಬೇಕು. ತೀರ್ಮಾನವಾಗುವ ತನಕ ಒಂದೇ ತಟ್ಟೆಯಲ್ಲಿ ಊಟ, ಒಂದೇ ಚಾಪೆಯ ಮೇಲೆ ನಿದ್ದೆ. ಒಬ್ಬರು ಇನ್ನೊಬ್ಬರ ಕೂಗಳತೆ ದಾಟಿ ಹೋಗುವಂತಿಲ್ಲ. ಈ ಮನೆಗೆ ಜೋಡಿಮನೆ ಎಂದು ಹೆಸರು. ನಾನು ಚಂಪಕ್ಕ, ಅದನ್ನು ನೋಡಿಕೊಳ್ಳುವವಳು. ಹೈಸ್ಕೂಲಿನ ಹೆಡ್‌ಮಾಸ್ತರ ಕುರ್ಚಿಗಾಗಿ ಮುಖ ತಿರುಗಿಸಿಕೊಂಡ ಇಬ್ಬರು ಇಲ್ಲಿದ್ದು ಹೋಗಿದ್ದಾರೆ. ಒಂದೇ ಹುಡುಗಿಯನ್ನು ಕೇಳಿದ ಇಬ್ಬರು ವರರೂ ಇದ್ದು ಹೋಗಿದ್ದಾರೆ. ಆ ಹುಡುಗಿ ಕೊನೆಗೆ ಮೂರನೆಯವನನ್ನು ಮದುವೆಯಾದಳು, ಇವರಿಬ್ಬರೂ ಸೇರಿ ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ಅಂಗಡಿ ಹಾಕಿದರು. ಕೂಗಳತೆ ದಾಟಿ ಕೆಟ್ಟವರೂ ಉಂಟು. ಅಂಚೆಯವನ ಕೆಲಸಕ್ಕೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಸಿನಿಮಾ ನೋಡಲು ಜಾರಿಕೊಂಡ. ಇಬ್ಬರಿಗೂ ಕೆಲಸ ತಪ್ಪಿತು, ಜಾಗ ವರ್ಷವಿಡೀ ಖಾಲಿ ಬಿತ್ತು, ನಮ್ಮ ಕಾಗದಪತ್ರಗಳನ್ನು ನಾವೇ ಪಕ್ಕದೂರಿಗೆ ನಡೆದುಹೋಗಿ ತರಬೇಕಾಯಿತು.

ನಾನು ಈಗ ಹೇಳುವುದು ಕಾಲೇಜಿನ ವಾಲಿಬಾಲ್ ಹುಡುಗರ ವಿಷಯ. ನಮ್ಮೂರಿಗೆ ವಾಲಿಬಾಲ್ ಅಂದರೆ ಜೀವ. ಅದರಲ್ಲೂ ಲಿಫ್ಟರ್ ಅಂದರೆ ಜೀವಕ್ಕಿಂತ ಒಂದು ಗುಂಜಿ ಹೆಚ್ಚು. ಹೊಡೆಯುವವನು ಎಷ್ಟೇ ಗಟ್ಟಿಗನಾಗಿರಲಿ, ಅವನಿಗೆ ಚೆಂಡನ್ನು ಎತ್ತಿಕೊಡುವವನು ಲಿಫ್ಟರ್. ಯಾರಿಗೆ ಎತ್ತಬೇಕು, ಯಾವಾಗ ಎತ್ತಬೇಕು ಎನ್ನುವುದೆಲ್ಲ ಅವನ ತಲೆಯೊಳಗೇ ನಡೆಯಬೇಕು. ತಂಡದಲ್ಲಿ ಆ ಜಾಗ ಒಂದೇ. ಹಳೆಯ ಲಿಫ್ಟರ್ ಓದು ಮುಗಿಸಿ ಹೋದ ಮೇಲೆ ಅದಕ್ಕೆ ಇಬ್ಬರು ನಿಂತರು.

ಒಬ್ಬ ತಿಪ್ಪೇಶ. ಹಿಟ್ಟಿನ ಗಿರಣಿ ನಡೆಸುವ ಹಾಲವ್ವನ ಮಗ. ಗಿಡ್ಡ, ಗುಂಡು, ಕಾಲಲ್ಲಿ ಚಕ್ರ ಇರುವಂತೆ ಓಡುವವನು, ಬಾಯಿಗೆ ಬೀಗ ಇಲ್ಲದವನು. ಕಾಲೇಜು ಸೇರಿದಾಗಿನಿಂದ ಅವನು ಬೆಂಚಿನ ಮೇಲೇ ಕೂತು, ಹಳೆಯ ಲಿಫ್ಟರನಿಗೆ ನೀರು, ಟವೆಲ್ಲು ಕೊಡುತ್ತಾ ಕಾದಿದ್ದ. ಇದು ಅವನ ಕೊನೆಯ ವರ್ಷ. "ಈ ಸಲ ತಿಪ್ಪೇಶಂದೇ ಸರದಿ" ಎಂದು ಊರೆಲ್ಲ ಮಾತಾಡಿಕೊಳ್ಳುವ ಹೊತ್ತಿಗೆ ಬೇರೆ ಊರಿನ ಕಾಲೇಜಿನಿಂದ ಜಿನದತ್ತ ಬಂದು ಸೇರಿದ. ಉದ್ದನೆಯ ಹುಡುಗ, ಉದ್ದನೆಯ ಬೆರಳು, ಮಾತು ಅಳೆದು ಸುರಿದಂತೆ. ಅವನು ಎತ್ತಿದ ಚೆಂಡು ಕಣ್ಣಿಗೆ ಕಾಣದ ಒಂದು ಗೂಡಿನಲ್ಲಿ ಇಟ್ಟ ಹಾಗೆ ಪ್ರತಿ ಸಲವೂ ಅದೇ ಎತ್ತರದಲ್ಲಿ ನಿಲ್ಲುತ್ತಿತ್ತು. ಮೊದಲ ದಿನ ಅವನ ಆಟ ನೋಡಿದ ಕೋಚ್ ಸಲ್ಡಾನಾ ಮಾಸ್ತರು ಬಾಯಲ್ಲಿದ್ದ ಸೀಟಿ ಊದುವುದನ್ನೇ ಮರೆತರಂತೆ.

ಇಬ್ಬರೂ ಒಂದೊಂದು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದಾಗ ಜಿನದತ್ತ ತಟ್ಟೆಯನ್ನೂ ಚಾಪೆಯನ್ನೂ ನೋಡಿ, "ಇದು ಯಾಕೆ ಹೀಗೆ ಅಮ್ಮಾ?" ಎಂದು ಕೇಳಿದ. ಹೊರಗಿನವನು, ಪಾಪ. "ಸಾರಿಗೆ ಉಪ್ಪು ಯಾಕಪ್ಪ ಹಾಕ್ತೀವಿ? ಹಂಗೆ ಇದು. ಕೈ ತೊಳ್ಕೊಂಡು ಬನ್ನಿ" ಎಂದೆ.

ಮೊದಲ ಸಂಜೆಯೇ ಪೇಚಾಟ ಶುರುವಾಯಿತು. ಜಿನದತ್ತ ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟುವವನಲ್ಲ. ತಟ್ಟೆ ಒಂದೇ ಅಂದ ಮೇಲೆ ತಿಪ್ಪೇಶನೂ ಹಾಗೇ ಉಣ್ಣಬೇಕು. ಈರುಳ್ಳಿ ಕಡಿಯದೆ ರೊಟ್ಟಿ ಮುರಿಯದ ಹುಡುಗ ಅವನು. ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಊಟ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ. "ಚಂಪಕ್ಕ, ಈ ಲಿಫ್ಟರ್ ಜಾಗ ನಂಗೆ ಸಿಗದಿದ್ರೂ ಸ್ವರ್ಗ ಅಂತೂ ಸಿಗ್ತೈತೆ ಬಿಡು" ಎನ್ನುತ್ತಿದ್ದ. ಜಿನದತ್ತನಿಗೆ ಇನ್ನೊಂದು ಕಷ್ಟ. ತಿಪ್ಪೇಶ ನಿದ್ದೆಯಲ್ಲೂ ಆಡುತ್ತಿದ್ದ. ಚಾಪೆಯ ಮೇಲೆ ಚೆಂಡು ಎತ್ತುವಂತೆ ಕೈ ಎತ್ತಿ, ತಂಡದ ಹೊಡೆತಗಾರನಿಗೆ "ಬಸ್ಸಣ್ಣಾ, ನಿಂಗೇ" ಎಂದು ಕೂಗುತ್ತಿದ್ದ. ಬೆಳಿಗ್ಗೆ ಎದ್ದಾಗ ಜಿನದತ್ತನ ಕಣ್ಣು ಕೆಂಪಗಿರುತ್ತಿತ್ತು. ದೂರು ಮಾತ್ರ ಹೇಳುತ್ತಿರಲಿಲ್ಲ.

ಊರಿನವರಿಗೆ ಬೇರೆ ಕೆಲಸವೇ ಇಲ್ಲವಾಯಿತು. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ನಲ್ಲಿಯ ಸಾಲಿನಲ್ಲಿ ಎಲ್ಲೆಲ್ಲೂ ಇಬ್ಬರನ್ನೂ ತಕ್ಕಡಿಗೆ ಹಾಕಿ ತೂಗುವುದೇ ಆಯಿತು. ಜಿನದತ್ತನ ಚೆಂಡು ನೋಡಲು ಚಂದ, ಆದರೆ ಎಲ್ಲವೂ ದೊಡ್ಡ ಹೊಡೆತಗಾರ ಬಸ್ಸಣ್ಣನ ಕಡೆಗೇ ಹೋಗುತ್ತದೆ ಎಂದರು. ತಿಪ್ಪೇಶನ ಚೆಂಡು ಕುಡಿದವನ ಹಾಗೆ ಓಲಾಡುತ್ತದೆ, ಆದರೆ ಯಾರ ಕಡೆಗೆ ಹೋಗುತ್ತದೋ ಎದುರಾಳಿಗೆ ಗೊತ್ತಾಗುವುದಿಲ್ಲ ಎಂದರು. "ನಮ್ಮೋರಿಗೂ ಗೊತ್ತಾಗಲ್ಲ, ಅದೇ ತೊಂದ್ರೆ" ಎಂದು ಯಾರೋ ಸೇರಿಸಿದರು. ಕಾದವನಿಗೆ ಕೊಡಬೇಕು ಎಂದು ಹೆಂಗಸರು, ಕಲಿತವನಿಗೆ ಕೊಡಬೇಕು ಎಂದು ಗಂಡಸರು. ಮೀನು ಮಾರುವ ಸುಂದ್ರಿ ನನ್ನ ಅಂಗಳದಲ್ಲೇ ಬುಟ್ಟಿ ಇಳಿಸಿ, "ಒಳಗಿನ ವಿಷ್ಯ ಹೇಳೇ ಚಂಪಾ, ಯಾರ ಕಡೆ ವಾಲ್ತೈತೆ?" ಎಂದು ಕಣ್ಣು ಮಿಟುಕಿಸುತ್ತಿದ್ದಳು. ಜೋಡಿಮನೆಯ ಮಾತು ಹೊಸಿಲು ದಾಟಬಾರದು. "ನಿನ್ನ ಬುಟ್ಟಿ ವಾಲ್ತೈತೆ ನೋಡ್ಕೋ" ಎಂದು ಕಳಿಸುತ್ತಿದ್ದೆ.

ಸಲ್ಡಾನಾ ಮಾಸ್ತರಿಗೂ ಮನಸ್ಸು ಗಟ್ಟಿಯಾಗಲಿಲ್ಲ. ದಿನಾ ಸಂಜೆ ಅಂಗಳದ ತನಕ ಬರುವರು, ಇಬ್ಬರ ಮುಖವನ್ನೂ ನೋಡುವರು, "ನಾಳೆ ಹೇಳ್ತೀನಿ" ಎಂದು ಹಿಂದಿರುಗುವರು. ಹೊಳೆಯ ಆಚೆ ದಡದ ಕಾಲೇಜಿನ ಜೊತೆ ಪಂದ್ಯ ಹತ್ತಿರವಾಗುತ್ತಿತ್ತು. ಆ ಕಾಲೇಜಿಗೆ ನಾವು ಸೋಲುತ್ತಲೇ ಬಂದಿದ್ದೆವು.

ಒಂದು ಮಧ್ಯಾಹ್ನ ಬಡಿಸುವಾಗ ಏನೋ ಹೆಚ್ಚುಕಡಿಮೆ ಕಂಡಿತು. ತಟ್ಟೆಯ ತನ್ನ ಭಾಗದ ಅನ್ನವನ್ನು ಗಬಗಬ ಕಲಸುತ್ತಿದ್ದ ತಿಪ್ಪೇಶ ಅಂದು ಬರೀ ಬೆರಳ ತುದಿಯಲ್ಲಿ ಕೆದಕುತ್ತಿದ್ದ. ಜಿನದತ್ತ ತನ್ನ ಕಡೆಯ ಅನ್ನ ಕಲಸಿದ ಮೇಲೆ ಅವನ ಕಡೆಯದನ್ನೂ ಕಲಸಿ, ತುತ್ತು ಮಾಡಿ ಸರಿಸಿದ. ತಿಪ್ಪೇಶ ಎಡಗೈಯಲ್ಲಿ ಎತ್ತಿ ತಿಂದ. ನಾನು ಬಗ್ಗಿ ನೋಡಿದೆ. ಬಲಗೈ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿ ನೇರಳೆಯಾಗಿತ್ತು.

"ಏನೋ ಇದು?"

"ಜೇನು ಕಚ್ಚೈತೆ ಚಂಪಕ್ಕ."

"ಜೇನಲ್ಲ" ಎಂದ ಜಿನದತ್ತ ಮೆಲ್ಲಗೆ.

"ನೀನ್ ಸುಮ್ನಿರಪ್ಪಾ!" ತಿಪ್ಪೇಶನ ಧ್ವನಿ ಮೊದಲ ಸಲ ಏರಿತು. ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರಿಗೆ ಹೇಳ್ಬೇಡ. ಕೈ ಮುಗೀತೀನಿ. ಇಷ್ಟು ವರ್ಷ ಬೆಂಚಿನ ಮೇಲೆ ಕೂತು ನನ್ನ ಚಡ್ಡಿ ಸವ್ದೈತೆ. ಈಗ ಬೆರಳು ನೋವು ಅಂದ್ರೆ ಮುಗೀತು ನನ್ ಕತೆ" ಎಂದ. ಕೈ ಮುಗಿಯಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ಅಭ್ಯಾಸದಲ್ಲಿ ಬಸ್ಸಣ್ಣನ ಹೊಡೆತಕ್ಕೆ ಕೈ ಅಡ್ಡ ಹಿಡಿದಾಗ ಆದದ್ದಂತೆ. ಅಂದಿನಿಂದ ಅವನು ನೋವನ್ನು ಎಲ್ಲರಿಂದ ಮರೆಸಿ, ಚೆಂಡು ಬಂದಾಗೆಲ್ಲ ಮುಂಗೈಯಲ್ಲೇ ಎತ್ತಿ ತೇಲಿಸುತ್ತಿದ್ದ. ಅದನ್ನೂ ಜನ, "ಆಹಾ, ಹೊಸ ಪಟ್ಟು ಹಾಕ್ತಾನೆ" ಎಂದು ಹೊಗಳುತ್ತಿದ್ದರು.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಾತು ಹೊಸಿಲು ದಾಟಿಸಿದರೆ ಮನೆಯ ನೇಮ ಕೆಡುತ್ತದೆ. ದಾಟಿಸದಿದ್ದರೆ ಹುಡುಗನ ಕೈ ಕೆಡುತ್ತದೆ. ಹಾಲವ್ವ ಗಂಡ ಹೋದ ಮೇಲೆ ಹಿಟ್ಟಿನ ದೂಳು ಕುಡಿದು ಸಾಕಿದ ಮಗ ಅವನು. ನಾಳೆ ಕೈ ಮಡಿಸಲು ಬಾರದಂತಾದರೆ ಅವಳಿಗೆ ಏನು ಹೇಳಲಿ? ಮರುದಿನ ಬೆಳಿಗ್ಗೆ ತಿಪ್ಪೇಶ ಬಚ್ಚಲಲ್ಲಿ ಹಾಡು ಹೇಳುತ್ತಾ ಸ್ನಾನ ಮಾಡುತ್ತಿದ್ದ. ಜಿನದತ್ತ ಬಾವಿಕಟ್ಟೆಯ ಮೇಲೆ ಬಂದು ಕೂತ. ನಾನು ಪಾತ್ರೆ ಉಜ್ಜುತ್ತಿದ್ದೆ.

"ಚಂಪಕ್ಕ, ನಾನು ಮಾಸ್ತರಿಗೆ ಹೇಳಿದರೆ ಅದು ಚಾಡಿಯಾಗುತ್ತದೆ. ಜಾಗಕ್ಕೋಸ್ಕರ ಹೇಳಿದ ಅಂತಾರೆ. ಹೇಳದೆ ಇದ್ದರೆ ಅವನ ಕೈ ಹೋಗುತ್ತದೆ. ಏನು ಮಾಡಲಿ?"

"ಜಾಗಕ್ಕೋಸ್ಕರ ಹೇಳೋ ಮನ್ಸು ಐತಾ ನಿಂಗೆ?" ಎಂದು ನೇರವಾಗಿ ಕೇಳಿದೆ.

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. "ಸ್ವಲ್ಪ ಇದೆ" ಎಂದ. "ಅದಕ್ಕೇ ಹೇಳೋಕೆ ಭಯ."

ಆ ಹುಡುಗನ ಮೇಲೆ ನನಗೆ ಅಂದು ಬಂದ ಅಕ್ಕರೆ ಇನ್ನೂ ಹೋಗಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರಲ್ಲಿ ಬಚ್ಚಲಲ್ಲಿ ಹಾಡು ನಿಂತು, "ಚಂಪಕ್ಕಾ, ಟವೆಲ್ಲೂ" ಎಂಬ ಕೂಗು ಬಂತು. ಎದ್ದು ಹೋದೆ.

ಆ ಭಾನುವಾರ ಜಿನದತ್ತ ತಿಂಡಿ ತಿಂದವನೇ ಎದ್ದ, ಒಂದು ಕಾಲು ಎಳೆಯುತ್ತಾ ಚಪ್ಪಲಿ ಮೆಟ್ಟಿದ. "ನನ್ನ ಪಾದ ಉಳುಕಿದೆ. ಡಾಕ್ಟರ್ ಹತ್ತಿರ ಹೋಗುತ್ತೇನೆ" ಎಂದು ಯಾರ ಉತ್ತರಕ್ಕೂ ಕಾಯದೆ ಬೀದಿಗಿಳಿದ.

"ಏಯ್, ನಿಲ್ಲೋ! ನಾಳೆ ಹೋಗಾನ" ಎಂದು ತಿಪ್ಪೇಶ ಜಗುಲಿಯಿಂದ ಕೂಗಿದ. ಜಿನದತ್ತ ತಿರುಗಲಿಲ್ಲ. ಕುಂಟುವವನ ನಡಿಗೆ ಅದೇಕೋ ಚುರುಕಾಗಿಯೇ ಇತ್ತು. ಬೀದಿಯ ತಿರುವು ಹತ್ತಿರವಾಗುತ್ತಿತ್ತು. ತಿರುವು ದಾಟಿದರೆ ಕೂಗಳತೆ ತಪ್ಪುತ್ತದೆ, ಇಬ್ಬರಿಗೂ ಜಾಗ ತಪ್ಪುತ್ತದೆ. ತಿಪ್ಪೇಶ ಚಪ್ಪಲಿಯೂ ಇಲ್ಲದೆ ಎದ್ದುಬಿದ್ದು ಓಡಿದ. ನಾನು ಬಾಗಿಲಿಗೆ ಚಿಲಕ ಹಾಕಿ ಇಬ್ಬರ ಹಿಂದೆ ಓಡಿದೆ. ಹಾದಿಯುದ್ದಕ್ಕೂ ತಿಪ್ಪೇಶನ ಬೈಗುಳ. "ಇರುವೆ ಕಚ್ಚಿದ್ರೂ ಆಸ್ಪತ್ರೆ ಇವನಿಗೆ! ಲಿಫ್ಟರ್ ಆಗ್ತಾನಂತೆ ಲಿಫ್ಟರು!" ಜಿನದತ್ತ ಇನ್ನೂ ಬೇಗ ಹೆಜ್ಜೆ ಹಾಕಿದ.

ಡಾಕ್ಟರ್ ಅಂಬುಜಾಕ್ಷಿ ಅವನ ಪಾದವನ್ನು ಆ ಕಡೆ ಈ ಕಡೆ ತಿರುಗಿಸಿ, ಒತ್ತಿ, ತಟ್ಟಿ, "ಏನೂ ಆಗಿಲ್ಲವಲ್ಲಪ್ಪ, ಕುದುರೆ ಕಾಲು ಇದ್ದ ಹಾಗಿದೆ" ಎಂದರು. "ಹೌದು ಡಾಕ್ಟ್ರೇ, ನನಗೆ ಏನೂ ಆಗಿಲ್ಲ" ಎಂದ ಜಿನದತ್ತ. ಪಕ್ಕದಲ್ಲಿ ನಿಂತಿದ್ದ ತಿಪ್ಪೇಶನ ಮುಂಗೈ ಹಿಡಿದು, ಅವನು ಕಿತ್ತುಕೊಳ್ಳುವ ಮೊದಲೇ ಮೇಜಿನ ಮೇಲೆ ಇಟ್ಟುಬಿಟ್ಟ.

ಡಾಕ್ಟರ ಮುಖ ಬಿಗಿಯಿತು. "ಎಷ್ಟು ದಿನ ಆಯ್ತು? ಇದೇ ಕೈಯಲ್ಲಿ ಆಡಿದೀಯಾ?" ಎಂದು ಗದರಿ ಎಕ್ಸ್‌ರೇಗೆ ಕಳಿಸಿದರು. ಅದು ಬರುವ ತನಕ ನಾವು ಮೂವರೂ ಹೊರಗಿನ ಬೆಂಚಿನ ಮೇಲೆ ಕೂತೆವು. ತಿಪ್ಪೇಶ ಗೋಡೆ ನೋಡುತ್ತಿದ್ದ. "ಮುರ್ದಿದ್ರೆ?" ಎಂದ ಕೊನೆಗೆ. ಜಿನದತ್ತ, "ಮುರಿದಿದ್ದರೆ ನನ್ನನ್ನು ಬೈಯಿ" ಎಂದ. "ಮುರೀದಿದ್ರೂ ಬೈತೀನಿ" ಎಂದ ತಿಪ್ಪೇಶ.

ಒಳಗೆ ಕರೆದರು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ನಾನು ಮನಸ್ಸಿನಲ್ಲೇ ನೂರು ದೇವರಿಗೆ ಹರಕೆ ಹೊತ್ತೆ. "ಮುರಿದಿಲ್ಲ" ಎಂದರು ಅವರು. "ಕೀಲು ಜಾರಿದೆ ಅಷ್ಟೇ. ಇನ್ನೊಂದು ವಾರ ಹೀಗೇ ಆಡಿದ್ದರೆ ಜನ್ಮಪೂರ್ತಿ ಪೆನ್ನು ಹಿಡಿಯೋದಕ್ಕೂ ಆಗ್ತಿರಲಿಲ್ಲ." ಹೀಗೆ ಹೇಳುತ್ತಾ ಹೇಳುತ್ತಾ, ಅವನ ಹೆಬ್ಬೆರಳು ಹಿಡಿದು ಒಮ್ಮೆ ಜಗ್ಗಿದರು. ತಿಪ್ಪೇಶ ಕೂಗಿದ ಕೂಗಿಗೆ ಹೊರಗಿನ ಮರದ ಮೇಲಿದ್ದ ಕಾಗೆಗಳು ಹಾರಿದವು. ಆಮೇಲೆ ಅವನು ಬೆವರಿದ ಮುಖದಲ್ಲಿ ಬೆರಳನ್ನು ನಿಧಾನ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. "ಬಂತು ಕಣೋ" ಎಂದ ಜಿನದತ್ತನಿಗೆ. "ಮಡಚ್ತೈತೆ ನೋಡೋ." ಜಿನದತ್ತ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟ. ನಾನು ಡಾಕ್ಟರ ಕುರ್ಚಿಯಲ್ಲೇ ಕೂತುಬಿಟ್ಟೆ.

ಕ್ಲಿನಿಕ್ಕಿನಿಂದ ಹೊರಬಿದ್ದ ಮೇಲೆ ತಿಪ್ಪೇಶ ಮನೆಯ ದಾರಿ ಹಿಡಿಯಲಿಲ್ಲ. "ಎಲ್ಲಿಗೋ?" ಎಂದರೆ, "ಮಾಸ್ತರ ಮನೆಗೆ. ಇನ್ನೊಬ್ರ ಬಾಯಿಂದ ಹೋಗೋದು ಬ್ಯಾಡ" ಎಂದ. ಸಲ್ಡಾನಾ ಮಾಸ್ತರು ಆಗಷ್ಟೇ ಚರ್ಚಿನಿಂದ ಬಂದು, ಕೋಟು ಕೂಡ ಬಿಚ್ಚದೆ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ತಿಪ್ಪೇಶ ಬ್ಯಾಂಡೇಜು ಸುತ್ತಿದ ಕೈ ಮುಂದೆ ಚಾಚಿ ಎಲ್ಲ ಹೇಳಿದ. ಮಾಸ್ತರ ಕೈಯಿಂದ ಕಾಳಿನ ಬೋಗುಣಿ ಜಾರಿತು. "ಮೂಳೆ?" ಎಂದರು.

"ಮುರ್ದಿಲ್ಲ ಸಾರ್."

"ಸದ್ಯ!" ಎಂದು ಮೆಟ್ಟಿಲ ಮೇಲೆ ಕುಸಿದರು. "ನನ್ನ ಕಣ್ಣೆದುರಿಗೇ ಆಡ್ತಿದ್ದೆ, ನನಗೇ ಕಾಣ್ಲಿಲ್ವಲ್ಲೋ ಮಾರಾಯ. ಎಂಥ ಕೋಚ್ ನಾನು!" ಕೋಳಿಗಳು ಚೆಲ್ಲಿದ ಕಾಳಿನ ಮೇಲೆ ಮುಗಿಬಿದ್ದವು. ನಾವ್ಯಾರೂ ಓಡಿಸಲಿಲ್ಲ.

ತೀರ್ಮಾನ ಬಂದದ್ದು ಪಂದ್ಯಕ್ಕೆ ಸ್ವಲ್ಪ ಮುಂಚೆ, ತಿಪ್ಪೇಶನ ಕೈಯ ಬ್ಯಾಂಡೇಜು ಬಿಚ್ಚಿ ಬರೀ ಒಂದು ಪಟ್ಟಿ ಉಳಿದಾಗ. ಮಾಸ್ತರು ಅಂಗಳದಲ್ಲಿ ನಿಂತು ಈ ಸಲ "ನಾಳೆ" ಎನ್ನಲಿಲ್ಲ. "ಜಿನದತ್ತ, ನಿನ್ನಷ್ಟು ಚೆನ್ನಾಗಿ ಚೆಂಡು ಎತ್ತೋನನ್ನ ನಾನು ನೋಡಿಲ್ಲ. ಆದರೆ ಆಚೆ ದಡದೋರು ಮೂರನೇ ಚೆಂಡಿಗೇ ನಿನ್ನ ಲೆಕ್ಕ ಹಿಡೀತಾರೆ. ಶುರು ಮಾಡೋದು ತಿಪ್ಪೇಶ. ಬೆಂಚಿನ ಮೇಲೆ ನೀನು" ಎಂದರು. ತಿಪ್ಪೇಶ ಕುಣಿಯುತ್ತಾನೆ ಎಂದುಕೊಂಡೆ. ಅವನು ತಲೆ ಕೆರೆಯುತ್ತಾ ನಿಂತಿದ್ದ. ಜಿನದತ್ತ ಚೀಲ ತುಂಬಲು ಒಳಗೆ ಹೋದ. ನಾನು ಹಿಂದೆಯೇ ಹೋಗಿ, "ಬೇಜಾರಾಯ್ತೇನೋ?" ಎಂದೆ.

"ಆಯ್ತು" ಎಂದ. ಅಂಗಿ ಮಡಿಸುತ್ತಾ, "ಆದರೆ ಚಂಪಕ್ಕ, ಅವನ ಕೈ ಮುರಿದು ನನಗೆ ಜಾಗ ಸಿಕ್ಕಿದ್ದರೆ ನಾನು ಹೇಗೆ ಆಡುತ್ತಿದ್ದೆ? ಹೊಟ್ಟೆಯೊಳಗಿನ ಕಲ್ಲು ಇಳಿದ ಹಾಗಿದೆ" ಎಂದ. ಬಾಯಿಮಾತಿಗೆ ಹೇಳಿದ್ದಲ್ಲ. ಅಂದು ಹೊರಡುವ ಮುನ್ನ ಉಣ್ಣುವಾಗ ಮೊದಲ ಬಾರಿಗೆ ಅವನು ಚಟ್ನಿ ಇನ್ನಷ್ಟು ಬೇಕು ಎಂದು ಕೇಳಿ ಹಾಕಿಸಿಕೊಂಡ.

ಪಂದ್ಯದ ದಿನ ಹಾಲವ್ವ ಗಿರಣಿ ಮುಚ್ಚಿ ಬಂದಳು. ಗಿರಣಿಯ ಹೊತ್ತಿಗೇ ಆಟ ನಡೆಯುವುದರಿಂದ ಅವಳು ಮಗ ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಕೂದಲಿನಲ್ಲಿ ಹಿಟ್ಟು ಹಾಗೇ ಇತ್ತು. ಮೈದಾನದ ಸುತ್ತ ನಿಲ್ಲಲು ಜಾಗವಿಲ್ಲ, ಮರದ ಕೊಂಬೆಗಳೂ ತುಂಬಿದ್ದವು. ಕಾಲೇಜಿನವರು ಹಾಕಿದ್ದ ಬೆಂಚಿನಲ್ಲಿ ನಾವಿಬ್ಬರೂ ಒತ್ತಿಕೊಂಡು ಕೂತೆವು.

ತಿಪ್ಪೇಶ ಮೊದಲ ಸೆಟ್ಟಿನಲ್ಲಿ ಎದುರಾಳಿಗಳಿಗೆ ಹುಚ್ಚು ಹಿಡಿಸಿದ. ಬಸ್ಸಣ್ಣನ ಹೆಸರು ಕೂಗಿ ಇನ್ನೊಬ್ಬನಿಗೆ ಎತ್ತಿದ, ಇನ್ನೊಬ್ಬನನ್ನು ನೋಡುತ್ತಾ ಬಸ್ಸಣ್ಣನಿಗೆ ಎತ್ತಿದ. ಸೆಟ್ಟು ನಮ್ಮದಾಯಿತು. ಎರಡನೆಯದರಲ್ಲಿ ಅವರು ಎಚ್ಚೆತ್ತರು, ಅದು ಅವರದಾಯಿತು. ಮೂರನೆಯದೇ ಕೊನೆಯದು, ಅದು ಕತ್ತಿಯ ಅಲಗಿನ ಮೇಲೆ ನಡೆಯುತ್ತಿತ್ತು, ಅವರೊಂದು ನಾವೊಂದು. ಆಗ ಬಲೆಯ ಮೇಲಿಂದ ಬಂದ ಒಂದು ಹೊಡೆತ ತಿಪ್ಪೇಶನ ಕೈಗೇ ಬಡಿಯಿತು. ಅವನು ಕೈ ಕೊಡವಿಕೊಂಡ. ಬೆನ್ನ ಹಿಂದೆ ಇಟ್ಟುಕೊಂಡ. ಜನ ಗಮನಿಸಲಿಲ್ಲ, ನಾನು ನೋಡಿದೆ. ಆಟಗಾರರ ಬೆಂಚಿನ ಮೇಲೆ ಜಿನದತ್ತನೂ ನೋಡಿದ, ಅರ್ಧ ಎದ್ದ, ಮತ್ತೆ ಕೂತ. ಮಾಸ್ತರ ಕಡೆ ತಿರುಗಲಿಲ್ಲ. ರೆಫರಿ ಮುಂದಿನ ಚೆಂಡಿಗೆ ಸೀಟಿ ಊದುವವರಿದ್ದರು.

ತಿಪ್ಪೇಶ ಬೆನ್ನ ಹಿಂದಿನ ಕೈಯನ್ನು ಮುಂದೆ ತಂದು ನೋಡಿಕೊಂಡ. ಆಮೇಲೆ ಅದೇ ಕೈಯನ್ನು ಮೇಲೆತ್ತಿದ. "ಸಾರ್, ನಂಗೆ ಆಗ್ತಿಲ್ಲ. ಅವನ್ನ ಕಳ್ಸಿ" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ. ಇಡೀ ಊರು ಉಸಿರು ಹಿಡಿಯಿತು. ಜಿನದತ್ತ ಓಡಿ ಬಂದ. ಗೆರೆಯ ಹತ್ತಿರ ಇಬ್ಬರೂ ಎದುರಾದಾಗ ತಿಪ್ಪೇಶ ಅವನ ಕಿವಿಯಲ್ಲಿ ಏನೋ ಹೇಳಿ ಬೆನ್ನಿಗೊಂದು ಗುದ್ದಿದ, ಎಡಗೈಯಲ್ಲಿ.

ನನ್ನ ಪಕ್ಕದಲ್ಲಿ ಹಾಲವ್ವ ನನ್ನ ಮೊಣಕೈ ಹಿಂಡುತ್ತಿದ್ದಳು. ತಿರುಗಿ ನೋಡಿದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾಳೆ. ಆಟ ಶುರುವಾದಾಗಿನಿಂದ ಹಾಗೇ ಕೂತಿದ್ದಳೋ ಏನೋ.

"ಹೊರಗೆ ಬಂದ್ನೇನೇ ಚಂಪಾ?" ಎಂದಳು.

"ಬಂದ ಕಣೇ."

"ಕೈ?"

"ನೆಟ್ಟಗೈತೆ. ಬೆರಳು ಮಡಚ್ತಾ, ನೀರು ಕುಡೀತಾ ಕೂತವ್ನೆ."

"ಉಸ್ಸಪ್ಪಾ!" ಎಂದು ಎದೆಯ ತುಂಬ ಉಸಿರು ಬಿಟ್ಟು ಹಾಲವ್ವ ಕಣ್ಣು ತೆರೆದಳು. ಸೆರಗಿನಿಂದ ಮುಖ ಒರೆಸಿಕೊಂಡು, ಈಗಷ್ಟೇ ಬಂದು ಕೂತವಳ ಹಾಗೆ ಅಂಕಣವನ್ನೆಲ್ಲ ನೋಡಿದಳು. "ಇನ್ನು ನೆಮ್ಮದಿಯಾಗಿ ಆಟ ನೋಡಾನ. ಆ ಉದ್ದನೆ ಹುಡ್ಗ ಯಾರೇ?"

ಆ ಉದ್ದನೆ ಹುಡುಗನ ಕಡೆಗೆ ಚೆಂಡು ಬಂತು. ಎದುರಾಳಿಗಳ ಮುಂದಿನ ಸಾಲಿನ ಮೂವರೂ ಬಸ್ಸಣ್ಣನ ಮುಂದೆ ಗೋಡೆಯ ಹಾಗೆ ಎದ್ದರು. ಜಿನದತ್ತ ಬಸ್ಸಣ್ಣನನ್ನೇ ನೋಡುತ್ತಾ, ತನ್ನ ಬೆನ್ನ ಹಿಂದಿದ್ದ ಸಣಕಲು ಹುಡುಗನಿಗೆ ಚೆಂಡನ್ನು ತೇಲಿಸಿದ. ಹೊಡೆತ ಖಾಲಿ ನೆಲಕ್ಕೆ ಬಿತ್ತು. ಮೈದಾನ ಸಿಡಿಯಿತು. ಬೆಂಚಿನ ಮೇಲಿಂದ ತಿಪ್ಪೇಶ, "ಅದೇ ಕಣೋ! ಇನ್ನೊಂದ್ಸಲ!" ಎಂದು ಅರಚುತ್ತಿದ್ದ. ಅವನ ಧ್ವನಿಯನ್ನೂ ಮೀರಿಸುವ ಇನ್ನೊಂದು ಧ್ವನಿ ನನ್ನ ಕಿವಿಯ ಪಕ್ಕದಲ್ಲೇ ಎದ್ದಿತು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅದು. ಹಾಲವ್ವ ಬೆಂಚಿನ ಮೇಲೆ ಹತ್ತಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಎತ್ತೋ ನನ್ನ ಮಗನೇ, ಎತ್ತು!" ಎಂದು ಜಿನದತ್ತನನ್ನು ಕೂಗುತ್ತಿದ್ದಳು. ಪಂದ್ಯ ಗೆದ್ದು ಜನ ಒಳಗೆ ನುಗ್ಗಿದ ಮೇಲೂ ಅವಳನ್ನು ಕೆಳಗಿಳಿಸಲು ನನಗೆ ಸಾಕುಸಾಕಾಯಿತು.